ನೆಂದ ಕಂಬಳಿಯ ಪಾಲು

ಇಲ್ಲ, ಅವರ ಮೂಗುಬೊಟ್ಟು ಬಲಕ್ಕೇ ಇತ್ತು ಅನ್ನಿಸುತ್ತದೆ. ಎಡಕ್ಕೆ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಆದರೆ ಅವರು ಗ್ಲಾಸನ್ನು ಬಲಗೈಯಲ್ಲಿ ಹಿಡಿದು, ತಲೆಯನ್ನು ತುಸು ಓರೆ ಮಾಡಿ, ಮೂಗನ್ನು ಪೂರ್ತಿಯಾಗಿ ಗ್ಲಾಸಿನೊಳಕ್ಕೆ ಇಳಿಸುತ್ತಿದ್ದರು. ಆಗ ಮೂಗುಬೊಟ್ಟಿನ ಕೆಂಪು ಹರಳು ಗಾಜಿನ ಅಂಚಿಗೆ ತಾಗಿ ಟಿಣ್ ಅನ್ನುತ್ತಿತ್ತು. ಹಾಗೆ ತಾಗಬೇಕಾದರೆ ಅದು ಬಲಕ್ಕಿರಬೇಕು. ನನ್ನ ಫೋನಿನಲ್ಲಿ ಅವರ ಒಂದೇ ಒಂದು ಫೋಟೋ ಇದೆ, ಅದೂ ಸೆಲ್ಫಿ. ಅದರಲ್ಲಿ ಮೂಗುಬೊಟ್ಟು ಎಡಕ್ಕಿದೆ. ಆದರೆ ಆ ಫೋನು ಸೆಲ್ಫಿಯನ್ನು ಒಮ್ಮೊಮ್ಮೆ ಎಡಬಲ ತಿರುಗಿಸುತ್ತಿತ್ತು. ನಮ್ಮ ಹಿಂದಿನ ಗೋಡೆಯ ಮೇಲೆ ಒಂದು ಬೋರ್ಡಾದರೂ ಇದ್ದಿದ್ದರೆ ಅಕ್ಷರ ನೋಡಿ ತೀರ್ಮಾನ ಮಾಡಬಹುದಿತ್ತು. ಗೋಡೆ ಖಾಲಿ.

ಶಬ್ದದ ಬಗ್ಗೆ ಮಾತ್ರ ಅನುಮಾನವಿಲ್ಲ. ಈಗಲೂ ಬೇರೆ ಯಾರದೋ ಬಳೆ ಗ್ಲಾಸಿಗೆ ತಾಗಿದರೆ ನಾನು ತಿರುಗಿ ನೋಡುತ್ತೇನೆ.

ನಾವು ಅವರನ್ನು ಮೇಡಂ ಎನ್ನುತ್ತಿದ್ದೆವು. ದೊಡ್ಡಬಳ್ಳಾಪುರದಿಂದ ನಂದಿಯ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ವೈನರಿ. ಯಾವ ಬ್ಯಾರೆಲ್ಲಿನ ವೈನನ್ನು ಯಾವುದರ ಜೊತೆ ಎಷ್ಟು ಬೆರೆಸಬೇಕು ಎಂದು ತೀರ್ಮಾನಿಸುವುದು ಅಲ್ಲಿ ಮೇಡಂ ಕೆಲಸ. ನಾನು ಆವತಿಯವಳು. ಬಿ.ಎಸ್ಸಿ. ಮುಗಿಸಿ ಹಣ್ಣಿನ ಸಕ್ಕರೆ, ಹುಳಿ ಅಳೆಯುವ ಲ್ಯಾಬಿಗೆ ಸೇರಿದ್ದೆ. ಅಮ್ಮ ನೆಂಟರ ಮುಂದೆ ‘ಜ್ಯೂಸ್ ಕಂಪನಿ’ ಎಂದೇ ಹೇಳುತ್ತಿದ್ದಳು. ಇದನ್ನು ಕೇಳಿ ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. “ನಿಮ್ಮಮ್ಮನೇ ವಾಸಿ ಕಣೇ, ದ್ರಾಕ್ಷಿನಾದ್ರೂ ಉಳಿಸಿದ್ದಾರೆ. ನಮ್ಮಣ್ಣ ಇವತ್ತಿಗೂ ಸಮೇತನಹಳ್ಳಿಲಿ ನಾನು ಔಷಧಿ ಕಂಪನಿಲಿದ್ದೀನಿ ಅಂತಾನೆ. ಊರೋರು ಬಂದು ಮಂಡಿನೋವಿಗೆ ಏನಾದ್ರೂ ಕೊಡಮ್ಮಾ ಅಂತಾರೆ!”

ಐವತ್ತು ದಾಟಿದ್ದರು. ತೋಟಗಾರಿಕೆ ಓದಿದ್ದರು. ಮದುವೆಯಾಗಿರಲಿಲ್ಲ. ಆ ವಿಷಯ ಎತ್ತಿದವರನ್ನು ಅವರು ಎಂಥ ನೋಟದಿಂದ ನೋಡುತ್ತಿದ್ದರೆಂದರೆ ಯಾರೂ ಎರಡನೇ ಸಲ ಎತ್ತುತ್ತಿರಲಿಲ್ಲ. ವೈನ್ ನುಂಗಿದ್ದನ್ನು ನಾನು ಕಂಡಿಲ್ಲ. ಬಾಯಿಯಲ್ಲಿ ಹೊರಳಿಸಿ ಸ್ಟೀಲ್ ಚೊಂಬಿಗೆ ಉಗಿಯುತ್ತಿದ್ದರು. ಅದಕ್ಕೆಂದೇ ವೈನರಿಯ ಯಜಮಾನರು ತರಿಸಿದ್ದ ಅಂದವಾದ ಪಿಂಗಾಣಿ ಪಾತ್ರೆಯಲ್ಲಿ ಮೇಡಂ ಪೆನ್ನು ನಿಲ್ಲಿಸಿದ್ದರು.

ರುಚಿ ನೋಡುವ ದಿನ ಕಟ್ಟುನಿಟ್ಟು. ತಲೆಗೆ ಹೂವಿಲ್ಲ, ಮುಖಕ್ಕೆ ಪೌಡರಿಲ್ಲ, ಬೆಳಿಗ್ಗೆ ಇಂಗಿನ ಒಗ್ಗರಣೆ ಹಾಕಿದ ತಿಂಡಿ ತಿಂದು ಬರುವಂತಿಲ್ಲ. ಒಮ್ಮೆ ನಾನು ಮರೆತು ಮಲ್ಲಿಗೆ ಮುಡಿದು ಬಂದೆ. ಬಾಗಿಲಲ್ಲೇ ತಡೆದರು. “ಆಚೆ ಬಿಟ್ಬಾ. ನೀನು ಕೂತ್ರೆ ಎಲ್ಲಾ ಬ್ಯಾರೆಲ್ಲೂ ಮದ್ವೆಗೆ ಹೊರಟಂಗಿರುತ್ತೆ.” ನಾನು ಹೂವನ್ನು ಬಿಚ್ಚಿ ವಾಚ್‌ಮನ್ ಸೈಕಲ್ಲಿನ ಹ್ಯಾಂಡಲಿಗೆ ಕಟ್ಟಿದೆ. ಅವನು ಸಂಜೆ ಅದನ್ನು ಹಾಗೇ ಮನೆಗೆ ತೆಗೆದುಕೊಂಡು ಹೋಗಿ, ಯಾವಳು ಮುಡಿದ ಹೂವು ಇದು ಎಂದು ಹೆಂಡತಿಯಿಂದ ಬೈಸಿಕೊಂಡನಂತೆ. ಅವನ ಪರವಾಗಿ ಸಾಕ್ಷಿ ಹೇಳಲು ಮೇಡಂ ಮಾರನೇ ದಿನ ಫೋನ್ ಮಾಡಬೇಕಾಯಿತು.

ಅವರಿಗೆ ಪ್ರೀತಿಯ ಬ್ಲೆಂಡ್, ಅಂದರೆ ಬೆರಕೆ, ಒಂದಿತ್ತು. ಗ್ರೆನಾಷ್, ಸಿರಾ, ಮೂರ್ವೆದ್ರ ಎಂಬ ಮೂರು ದ್ರಾಕ್ಷಿಗಳ ಕೆಂಪು ವೈನ್. ಫ್ರಾನ್ಸಿನ ದಕ್ಷಿಣದಲ್ಲಿ, ರೋನ್ ನದಿ ಸಮುದ್ರಕ್ಕೆ ಹತ್ತಿರವಾಗುವ ಕಡೆ, ಈ ಮೂರನ್ನು ಬೆರೆಸುವುದು ಹಳೆಯ ರೂಢಿ. ಮೇಡಂ ಚಿಕ್ಕ ವಯಸ್ಸಿನಲ್ಲಿ ಅಲ್ಲಿ ಒಂದು ಸುಗ್ಗಿಯ ಕಾಲ ಕೆಲಸ ಮಾಡಿ ಬಂದಿದ್ದರು.

“ಅಲ್ಲಿ ತೋಟ ಅಂದ್ರೆ ಮಣ್ಣೇ ಕಾಣ್ಸಲ್ಲ ಕಣೇ. ಬರೀ ದುಂಡುಕಲ್ಲು, ಆಲೂಗೆಡ್ಡೆ ರಾಶಿ ಸುರಿದಂಗೆ. ಹಗಲೆಲ್ಲಾ ಬಿಸಿಲು ಕುಡೀತಾವೆ, ಹೊತ್ತು ಮುಳುಗಿದ ಮೇಲೆ ಆ ಕಾವನ್ನ ಬಳ್ಳಿಗೆ ಕೊಡ್ತಾವೆ. ಮೇಲೆ ಉತ್ತರದ ಕಡೆಯಿಂದ ಒಂದು ಗಾಳಿ. ಬೀಸಕ್ಕೆ ಶುರುವಾದ್ರೆ ತಲೆ ಕೆಟ್ಟೋಗುತ್ತೆ. ಆದ್ರೆ ಅದೇ ಗಾಳಿ ಹಣ್ಣಿನ ಮೇಲಿನ ತೇವ ಒರೆಸಿ ರೋಗ ಬರದಂಗೆ ಕಾಯುತ್ತೆ. ನಮ್ಮಲ್ಲಿ ಆ ಕಲ್ಲೂ ಇಲ್ಲ, ಆ ಗಾಳಿನೂ ಇಲ್ಲ. ಇರೋದು ಕೆಂಪು ಮಣ್ಣು, ರಾತ್ರಿ ಬೆಟ್ಟದ ತಂಪು. ಅದ್ರಲ್ಲೇ ಸಂಸಾರ ಮಾಡ್ಬೇಕು.”

ಮೂರು ದ್ರಾಕ್ಷಿಗಳ ಗುಣವನ್ನು ಅವರು ನನಗೆ ಮದುವೆಮನೆ ಮಾಡಿ ಹೇಳಿಕೊಟ್ಟರು. ಗ್ರೆನಾಷ್ ಸೋದರಮಾವ. ಎಲ್ಲರಿಗಿಂತ ಮೊದಲು ಬಂದು ಸಿಕ್ಕಿದವರನ್ನೆಲ್ಲ ತಬ್ಬಿಕೊಳ್ಳುತ್ತಾನೆ. ಬೆಚ್ಚಗೆ, ಸಿಹಿಯಾಗಿ ಮಾತಾಡುತ್ತಾನೆ. ಆದರೆ ಬಣ್ಣ ತೆಳು, ಬೇಗ ಸೊರಗುತ್ತಾನೆ. ಸಿರಾ ಇಸ್ತ್ರಿ ಅಂಗಿಯ ಅಳಿಯ. ನೇರಳೆಹಣ್ಣಿನ ಬಣ್ಣ, ಮಾತಿನಲ್ಲಿ ಕಾಳುಮೆಣಸಿನ ಖಾರ. ಮನೆಯ ಮಾನ ನೆಟ್ಟಗೆ ನಿಲ್ಲುವುದು ಅವನಿಂದ. ಮೂರ್ವೆದ್ರ ಮೂಲೆಯಲ್ಲಿ ಕಂಬಳಿ ಹೊದ್ದು ಕೂತ ತಾತ. “ಹತ್ತಿರ ಹೋದ್ರೆ ಮಳೇಲಿ ನೆಂದ ಕಂಬಳಿ ವಾಸನೆ. ಮೊದಲು ಮಾತೇ ಆಡಲ್ಲ. ಆದ್ರೆ ತಾತ ಇಲ್ದೆ ಹೋದ್ರೆ ಊಟ ಮುಗೀತಿದ್ದಂಗೆ ಎಲ್ಲಾ ಎದ್ದೋಗ್ತಾರೆ. ಒಂದು ಪಾಲು ಜಾಸ್ತಿ ಆದ್ರೆ ಮಾತ್ರ ಕಷ್ಟ. ಮದ್ವೆಮನೆ ಪಂಚಾಯ್ತಿಕಟ್ಟೆ ಆಗೋಗುತ್ತೆ.”

ಪ್ರವಾಸಿಗರಿಗೆ ವೈನರಿ ತೋರಿಸುವಾಗ ನಾನು ಸಿರಾ ಪರ್ಷಿಯಾದಿಂದ ಬಂತು, ಯಾರೋ ಯೋಧ ಬಳ್ಳಿಯನ್ನು ಬಚ್ಚಿಟ್ಟುಕೊಂಡು ತಂದ ಎಂದು ಸೊಗಸಾಗಿ ಹೇಳುತ್ತಿದ್ದೆ. ಒಂದು ದಿನ ಮೇಡಂ ಹಿಂದೆ ನಿಂತು ಕೇಳಿಸಿಕೊಂಡರು. ಎಲ್ಲರೂ ಹೋದ ಮೇಲೆ ಹೇಳಿದರು: “ಪರೀಕ್ಷೆ ಮಾಡಿ ನೋಡಿದ್ದಾರೆ. ಸಿರಾದ ಅಪ್ಪ ಅಮ್ಮ ಇಬ್ರೂ ಫ್ರಾನ್ಸಿನೋರೇ. ಹೊರಗಿಂದ ಬಂದಿದ್ದು ಉಳಿದೆರಡು. ಗ್ರೆನಾಷ್, ಮೂರ್ವೆದ್ರ ಎರಡೂ ಸ್ಪೇನಿನ ಕಡೆಯವು ಅಂತಾರೆ. ನೀನು ಮನೆಮಗನ್ನ ಪರದೇಶಿ ಮಾಡಿ, ವಲಸೆ ಬಂದೋರನ್ನ ಮನೆಮಕ್ಳು ಮಾಡ್ದೆ.” ಚಂದದ ಕಥೆಗಳ ಮೇಲೆ ನನಗೆ ಅಪನಂಬಿಕೆ ಹುಟ್ಟಿದ್ದು ಅವತ್ತೇ ಎಂದು ಬರೆದರೆ ಚೆನ್ನಾಗಿರುತ್ತದೆ. ಅದೂ ಚಂದದ ಕಥೆಯೇ. ನಿಜವಾಗಿ ನಾನು ಮುಂದಿನ ವಾರವೂ ಆ ಯೋಧನ ಕಥೆ ಹೇಳಿದೆ. ಜನ ಚಪ್ಪಾಳೆ ತಟ್ಟುತ್ತಿದ್ದರು.

ಕೊರೊನಾದ ಎರಡನೇ ಅಲೆಯಲ್ಲಿ ಮೇಡಂಗೆ ಜ್ವರ ಬಂತು. ಕೆಲಸಕ್ಕೆ ವಾಪಸು ಬಂದ ದಿನ ನಾನು ಕೇಳಿದೆ, “ವಾಸನೆ ಗೊತ್ತಾಗುತ್ತಾ ಮೇಡಂ?”

“ನನ್ನ ಮೂಗು ಎಲ್ಲಿಗೋಗುತ್ತೆ? ಮುಖದ ಮೇಲೇ ಇದೆಯಲ್ಲ,” ಅಂದರು. ನಾನು ನಕ್ಕೆ. ಅದು ಉತ್ತರವಾಗಿರಲಿಲ್ಲ ಎಂದು ಹೊಳೆದದ್ದು ಆಯುಧಪೂಜೆಗೆ.

ಆಯುಧಪೂಜೆಗೆ ನಮ್ಮಲ್ಲಿ ಮೇಡಂ ಮಾಡಿದ ಒಂದು ಪದ್ಧತಿ ಇತ್ತು. ಬ್ಯಾರೆಲ್ಲುಗಳಿರುವ ಸೆಲ್ಲರಿನೊಳಗೆ ಊದುಬತ್ತಿ, ಕರ್ಪೂರ, ಸಾಂಬ್ರಾಣಿ ಯಾವುದೂ ಹೋಗುವಂತಿಲ್ಲ. ಎಲ್ಲ ಬ್ಯಾರೆಲ್ಲುಗಳ ಪರವಾಗಿ ಒಂದು ಖಾಲಿ ಬ್ಯಾರೆಲ್ಲನ್ನು ಅಂಗಳಕ್ಕೆ ಉರುಳಿಸಿಕೊಂಡು ಬಂದು, ಅದಕ್ಕೆ ವಿಭೂತಿ ಬಳಿದು, ಹೂವು ಹಾಕಿ, ಗೇಟಿನ ಹತ್ತಿರ ಪೂಜೆ. ಬೂದುಗುಂಬಳ ಒಡೆಯುವುದೂ ಅಲ್ಲೇ. “ದೇವರಿಗೂ ಮೂಗಿದೆ, ಆಚೆಯಿಂದ್ಲೇ ಗೊತ್ತಾಗುತ್ತೆ,” ಎನ್ನುತ್ತಿದ್ದರು. ಪೂಜೆ ಮಾಡಿದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಒಳಗೆ ಕಾಲಿಡುವಂತಿರಲಿಲ್ಲ.

ಆ ವರ್ಷ ಸೆಲ್ಲರಿಗೆ ಹೊಸ ಸೂಪರ್‌ವೈಸರ್ ಬಂದಿದ್ದ. ನೆಲಮಂಗಲದ ಗೋಡೌನುಗಳಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ ಬಂದವನು, ನಾವು ಅಣ್ಣ ಎನ್ನುತ್ತಿದ್ದೆವು. ಮಳೆ ಹಿಡಿದುಕೊಂಡಿತ್ತು. ಮೇಡಂ ರಜೆಯಲ್ಲಿದ್ದರು. ಅಣ್ಣ ಸೆಲ್ಲರಿನೊಳಗೇ ಪೂಜೆ ಮಾಡಿಬಿಟ್ಟ. ಅದೂ ಗೋಡೌನಿನ ರೀತಿಯಲ್ಲಿ. ಅಲ್ಲಿ ಸಾಂಬ್ರಾಣಿ ಹೊಗೆ ಕಾಣದ ಮೂಲೆಯಲ್ಲಿ ಆ ವರ್ಷ ಯಾರಿಗಾದರೂ ಪೆಟ್ಟಾಗುತ್ತದೆ ಎಂದು ನಂಬುತ್ತಾರಂತೆ. ಹಾಗಾಗಿ ಒಂದೊಂದು ಬ್ಯಾರೆಲ್ಲಿಗೂ ವಿಭೂತಿ ಪಟ್ಟೆ ಎಳೆದು, ಒಂದೊಂದು ಮೂಲೆಗೂ ಹೊಗೆ ತೋರಿಸಿ, ಬಾಗಿಲು ಹಾಕಿಕೊಂಡು ಹೋಗಿದ್ದ.

ಮಾರನೇ ದಿನ ವಿಜಯದಶಮಿ. ಒಳ್ಳೆಯ ದಿನ ಎಂದು ಯಜಮಾನರು ಬ್ಲೆಂಡ್ ತೀರ್ಮಾನಕ್ಕೆ ಅದೇ ಬೆಳಿಗ್ಗೆ ಗೊತ್ತು ಮಾಡಿದ್ದರು. ನಾನು ಗೇಟು ದಾಟುವಾಗಲೇ ಸಾಂಬ್ರಾಣಿ ಮೂಗಿಗೆ ಹೊಡೆಯಿತು. ಸೆಲ್ಲರಿನ ಬಾಗಿಲು ತೆಗೆದರೆ ದೇವಸ್ಥಾನದ ಗರ್ಭಗುಡಿ. ಅಣ್ಣನಿಗೆ ಅಷ್ಟರಲ್ಲಿ ಯಾರೋ ವಿಷಯ ಹೇಳಿದ್ದರು. ಅವನ ಮುಖ ಬಿಳಿಚಿಕೊಂಡಿತ್ತು.

“ಮಳೆ ಅಕ್ಕ, ಆಚೆ ಎಲ್ ಮಾಡಾದು? ಹೊಗೆ ಹಾಕ್ಬಾರ್ದು ಅಂತ ಯಾರಪ್ಪ ಕಂಡಿದ್ರು? ಈಗ ಮೇಡಂ ಬಂದು ನನ್ನ ಸಾಯಿಸ್ಬಿಡ್ತಾರೆ.”

“ಸುಮ್ನೆ ನಿಂತ್ಕೊಂಡು ಬೈಸ್ಕೋ. ಎದುರು ಮಾತಾಡ್ಬೇಡ,” ಅಂದೆ ನಾನು.

ಮೇಡಂ ಬಂದರು. ಕೊಡೆ ಮಡಿಸಿ ಮೂಲೆಗಿಟ್ಟರು. ಬ್ಯಾಗನ್ನು ಮೊಳೆಗೆ ನೇತುಹಾಕಿದರು. ಆ ದಟ್ಟ ಘಮದ ನಡುವೆ, ಸೆಲ್ಲರಿಗೆ ತಾಗಿದ ರುಚಿ ನೋಡುವ ಕೋಣೆಯಲ್ಲಿ ಮೇಜಿನ ಮುಂದೆ ಕೂತು, ಮೊದಲ ಗ್ಲಾಸು ಎತ್ತಿ, ಮೂಗು ಒಳಗಿಳಿಸಿದರು. ಟಿಣ್.

“ಸರಿ, ಶುರು ಮಾಡೋಣ್ವಾ?”

ಅಣ್ಣ ತಲೆ ತಗ್ಗಿಸಿ ಬೈಗುಳಕ್ಕೆ ಕಾಯುತ್ತಿದ್ದವನು ಮೆಲ್ಲಗೆ ತಲೆ ಎತ್ತಿದ. ಆಮೇಲೆ ಕಡ್ಲೆಪುರಿ ಹಂಚುವಾಗ ಅವನು ಎಲ್ಲರಿಗೂ ಹೇಳಿದ, “ಮೇಡಂ ತುಂಬಾ ಒಳ್ಳೇರು ಗುರು. ಸುಮ್ನೆ ಹೆದರ್ಸಿದ್ರಿ.”

ನಾನು ಆ ಮೇಜಿನ ಎದುರು ಕೂತಿದ್ದೆ. ಮಲ್ಲಿಗೆಯ ಒಂದು ಎಸಳಿಗೆ ನನ್ನನ್ನು ಬಾಗಿಲಲ್ಲಿ ತಡೆದವರು ಇವರು. ಆಗ ನನಗೆ ಕಂಡ ಒಂದೇ ದಾರಿ ಸುಳ್ಳು. “ಮೇಡಂ, ನಂಗೆ ವಿಪರೀತ ನೆಗಡಿ. ಏನೂ ಗೊತ್ತಾಗ್ತಿಲ್ಲ. ಎರಡು ದಿನ ಬಿಟ್ಟು ಮಾಡೋಣ.”

ಅವರು ನನ್ನನ್ನು ನೋಡಿದರು. “ನಿನಗಾ?” ಅಂದರು.

“ಹೂಂ ಮೇಡಂ.”

“ಸರಿ. ನಿಂಗೆ ವಾಸಿಯಾಗ್ಲಿ.”

ಅವರು ಹೋದ ಮೇಲೆ ನಾನೂ ಅಣ್ಣನೂ ಬಾಗಿಲು ತೆಗೆದು ಫ್ಯಾನುಗಳನ್ನು ಹಾಕಿ, ಬ್ಯಾರೆಲ್ಲುಗಳ ವಿಭೂತಿ ಒರೆಸಿದೆವು. ಮುಚ್ಚಿದ ಬ್ಯಾರೆಲ್ಲುಗಳೊಳಗಿನ ವೈನಿಗೆ ಏನೂ ಆಗಿರಲಿಲ್ಲ. ಮೇಡಮ್ಮೇ ಏನೂ ಅನ್ನಲಿಲ್ಲ, ಒರೆಸೋದು ಯಾಕೆ ಅಕ್ಕ ಎಂದು ಅಣ್ಣ ಕೇಳಿದ. ಯಜಮಾನರು ಬರುತ್ತಾರೆ ಅಂದೆ. ಮೇಡಂ ಅವರನ್ನು ಕಾಪಾಡುತ್ತಿದ್ದೇನೆ ಎಂದು ಆಗ ನನಗೆ ಖಾತ್ರಿಯಿತ್ತು. ಈಗ ಆ ಖಾತ್ರಿ ಇಲ್ಲ. ಕಾಪಾಡುವ ಕೈಗಳು ಒರೆಸಿ ಹಾಕಿದ್ದು, ಅವರು ಬಾಯಿಬಿಟ್ಟು ಹೇಳಿಕೊಳ್ಳಬಹುದಾಗಿದ್ದ ಒಂದೇ ಅವಕಾಶವನ್ನೂ ಇರಬಹುದು.

ಮತ್ತೆ ಕೂತಾಗ ಮೇಡಂ ಮೂರು ಬಗೆಯಲ್ಲಿ ಬೆರೆಸಿದರು. ಒಂದರಲ್ಲಿ ಸೋದರಮಾವ ಜಾಸ್ತಿ, ಇನ್ನೊಂದರಲ್ಲಿ ಅಳಿಯ, ಮೂರನೆಯದರಲ್ಲಿ ತಾತ. ಹಿಂದೆಲ್ಲ ಅವರು ರುಚಿ ನೋಡದೆ ನನ್ನ ಕೈಗೆ ಗ್ಲಾಸು ಬರುತ್ತಿರಲಿಲ್ಲ. ಅವತ್ತು ಮೂರನ್ನೂ ನನ್ನ ಕಡೆ ತಳ್ಳಿದರು. “ಮೊದ್ಲು ನೀನು. ಮಾತಾಡ್ಬೇಡ. ಸುಮ್ನೆ ನೋಡು.”

ಎರಡನೆಯದು ಸರಿಯಾಗಿತ್ತು. ಅದರಲ್ಲಿ ಯಾರೂ ಯಾರ ಮೇಲೂ ಬೀಳದೆ ನಿಂತಿದ್ದರು. ಮೂರನೆಯದಕ್ಕೆ ಮೂಗಿಟ್ಟಾಗ ನೆಂದ ಕಂಬಳಿ ಎದ್ದು ಬಂತು. ಅದರ ಜೊತೆಗೆ ಆವತಿಯ ನಮ್ಮ ತಾತ, ಆಡು ಹೊಡೆದುಕೊಂಡು ಮಳೆಯಲ್ಲಿ ಬಂದು ಕಂಬಳಿ ಕೊಡವಿ ನನ್ನನ್ನು ಅದರೊಳಗೆ ಎಳೆದುಕೊಳ್ಳುತ್ತಿದ್ದದ್ದು. ಹಾಗೆ ಎಳೆದುಕೊಳ್ಳುತ್ತಿದ್ದದ್ದು ತಾತನೋ, ಅಥವಾ ಅಮ್ಮ ಹೇಳಿದ್ದನ್ನು ನಾನು ನೆನಪು ಮಾಡಿಕೊಂಡಿದ್ದೇನೋ, ಅದೂ ಸರಿಯಾಗಿ ಗೊತ್ತಿಲ್ಲ. ಕಣ್ಣು ಮಾತ್ರ ತುಂಬಿತು. ತಲೆ ಎತ್ತಿದರೆ ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು.

ಆಮೇಲೆ ತಾವೂ ಮೂರು ಗ್ಲಾಸುಗಳಿಗೆ ಮೂಗಿಟ್ಟರು. ಟಿಣ್, ಟಿಣ್, ಟಿಣ್. “ಮೂರನೇದೇ,” ಅಂದರು.

ಅಲ್ಲ ಮೇಡಂ, ಎರಡನೆಯದು ಎಂದು ನಾನು ಹೇಳಬೇಕಿತ್ತು. ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಕಂಬಳಿ ಜಾಸ್ತಿ ಆಯಿತು ಎನ್ನಬೇಕಾಗುತ್ತಿತ್ತು. ಹಾಗೆನ್ನುವುದೂ ನಿಮಗೆ ವಾಸನೆ ತಿಳಿಯುತ್ತಿಲ್ಲ ಎನ್ನುವುದೂ ಒಂದೇ ಆಗಿತ್ತು. ನಾನು ಮೂರನೆಯದು ಎಂದೇ ಬರೆದುಕೊಂಡೆ.

ವೈನು ಬಾಟಲಿಗೆ ಹೋಯಿತು, ಅಂಗಡಿಗೆ ಹೋಯಿತು. ಕೆಟ್ಟದ್ದೇನಾಗಿರಲಿಲ್ಲ. ಆದರೆ ಬೆಂಗಳೂರಿನ ಹೋಟೆಲುಗಳವರು ಈ ಸಲ ಯಾಕೋ ಭಾರ ಅಂದರಂತೆ. ಒಂದು ಮಧ್ಯಾಹ್ನ ಯಜಮಾನರು ಲ್ಯಾಬಿಗೆ ಬಂದು, ಸ್ಟೂಲ್ ಎಳೆದುಕೊಂಡು ಕೂತು, ತಮ್ಮ ಮೃದು ದನಿಯಲ್ಲಿ ಕೇಳಿದರು.

“ನೀನು ಹತ್ತಿರದಿಂದ ನೋಡಿದ್ದೀಯ, ಅದಕ್ಕೇ ಕೇಳ್ತೀನಿ. ಮೇಡಂ ಮೂಗು ಸರಿ ಇದೆಯೇನಮ್ಮಾ?”

ಸರಿ ಇದೆ ಸಾರ್ ಎಂದೇ ನಾನು ಹೇಳಿದ್ದು. ಆದರೆ ತಕ್ಷಣ ಹೇಳಲಿಲ್ಲ. ನಡುವೆ ಒಂದು ಮೌನ ಇತ್ತು. ಆ ಮೌನ ಎಷ್ಟು ಉದ್ದವಿತ್ತು, ಅದರೊಳಗೆ ಏನಿತ್ತು ಎಂದು ನಾನು ಎಷ್ಟೋ ಸಲ ಬಗೆದು ನೋಡಿದ್ದೇನೆ. ಮರುಕ ಇತ್ತು, ಅದು ಖಂಡಿತ. ಅದರ ಪಕ್ಕದಲ್ಲಿ ಮೇಡಂ ಕುರ್ಚಿಯ ಮೇಲಿನ ಆಸೆಯೂ ಕೂತಿತ್ತೇ? ಬ್ಲೆಂಡಿನಲ್ಲಾದರೆ ಯಾವುದು ಎಷ್ಟು ಪಾಲು ಎಂದು ಅಳೆದು ಹೇಳಬಹುದು. ಯಜಮಾನರು ನಾನು ಹೇಳಿದ ಉತ್ತರವನ್ನು ಕೇಳಿಸಿಕೊಳ್ಳಲಿಲ್ಲ, ಮೌನವನ್ನು ಕೇಳಿಸಿಕೊಂಡರು. “ಸರಿ ಬಿಡಮ್ಮಾ,” ಎಂದು ಎದ್ದು ಹೋದರು.

ಹೆಚ್ಚು ದಿನ ಆಗಲಿಲ್ಲ. ಸಮೇತನಹಳ್ಳಿಯಲ್ಲಿರುವ ಅಣ್ಣನಿಗೆ ಮೈಯಲ್ಲಿ ಹುಷಾರಿಲ್ಲ, ಊರಿಗೆ ಹೋಗಬೇಕು ಎಂದು ಮೇಡಂ ಕೆಲಸ ಬಿಟ್ಟರು. ಯಾರಾದರೂ ಅವರಿಗೆ ಏನಾದರೂ ಹೇಳಿದ್ದರೋ, ತಾವೇ ಹೊರಟರೋ, ನಾನು ಕೇಳಲಿಲ್ಲ. ಹೋಗುವಾಗ ಸ್ಟೀಲ್ ಚೊಂಬನ್ನು ತೊಳೆದು ಮೇಜಿನ ಮೇಲೆ ಬೋರಲು ಹಾಕಿದ್ದರು. “ಪಿಂಗಾಣಿದು ಬೇಡ ಕಣೇ. ಉಗಿಯಕ್ಕೆ ಮನಸ್ಸೇ ಬರಲ್ಲ.” ಮುಂದಿನ ತಿಂಗಳಿನಿಂದ ಆ ಮೇಜು ನನ್ನದಾಯಿತು.

ಸಮೇತನಹಳ್ಳಿಗೆ ನಾನು ಹೋದದ್ದು ಒಂದೇ ಸಲ, ಅದೂ ಮರುವರ್ಷ. ಆ ಬ್ಲೆಂಡಿನ ಒಂದು ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ, ಚೀಲದಲ್ಲಿ ಸೇಬಿನ ಕೆಳಗೆ ಬಚ್ಚಿಟ್ಟುಕೊಂಡು ಹೋಗಿದ್ದೆ. ಅವರ ಅತ್ತಿಗೆ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

“ಬಾಮ್ಮಾ, ಔಷಧಿ ಕಂಪನಿಯೋಳಾ? ನೀನಾದ್ರೂ ಹೇಳು ಇವಳಿಗೆ. ಬೆಳಿಗ್ಗೆ ಸಂಜೆ ಲವಂಗದ ಡಬ್ಬಿ, ಕಾಫಿಪುಡಿ ಡಬ್ಬಿ, ನಿಂಬೆಸಿಪ್ಪೆ ಎಲ್ಲಾ ಮುಂದಿಟ್ಕೊಂಡು ಮೂಸ್ತಾ ಕೂತಿರ್ತಾಳೆ, ಜಪ ಮಾಡ್ದಂಗೆ. ನನ್ನ ಅಡುಗೆಮನೇಲಿ ಒಂದು ಡಬ್ಬಿನೂ ಜಾಗದಲ್ಲಿಲ್ಲ.”

“ನಿನ್ನ ಹುಳಿ ಸೀದಿದ್ದು ಹೇಳ್ದೋಳು ನಾನೇ ಅಲ್ವೇನೇ?” ಎಂದರು ಮೇಡಂ ಒಳಗಿನಿಂದ ಬರುತ್ತಾ.

“ಹೊಗೆ ಮನೆ ತುಂಬಿತ್ತು. ಅದು ಕುರುಡರಿಗೂ ಗೊತ್ತಾಗೋದು!”

ಮೇಡಂ ಸಣ್ಣಗಾಗಿದ್ದರು. ಮೂಗುಬೊಟ್ಟು ಇತ್ತು. ಯಾವ ಕಡೆ ಎಂದು ಆಗಲಾದರೂ ಗಮನಿಸಬೇಕಿತ್ತು. ನನ್ನ ಚೀಲದ ಆಕಾರ ನೋಡಿಯೇ ನಕ್ಕರು. “ನಮ್ಮಣ್ಣ ಹೊಸಕೋಟೆಗೆ ಹೋಗಿದ್ದಾನೆ, ತಗಿ ಬೇಗ.” ಮನೆಯಲ್ಲಿ ಗಾಜಿನ ಗ್ಲಾಸಿರಲಿಲ್ಲ. ಸ್ಟೀಲ್ ಲೋಟಕ್ಕೆ ಸ್ವಲ್ಪ ಬಗ್ಗಿಸಿದೆ. ಅವರು ಲೋಟವನ್ನು ತಿರುಗಿಸಿ, ತಲೆ ಓರೆ ಮಾಡಿ, ಮೂಗು ಇಳಿಸಿದರು. ಸ್ಟೀಲಿಗೆ ತಾಗಿದ ಹರಳಿನ ಸದ್ದು ಬೇರೆ ಥರ ಇತ್ತು, ಮೊಂಡಾಗಿ.

“ಕಂಬಳಿ ಜಾಸ್ತಿ ಆಯ್ತು ಕಣೇ,” ಅಂದರು.

ಅವರು ನಗುತ್ತಿದ್ದರು. ನಾನೂ ನಕ್ಕೆನೋ ಏನೋ. ಹೂಂ ಮೇಡಂ, ಒಂದು ಪಾಲು, ಅಂದೆ. ಅಷ್ಟರಲ್ಲಿ ಅತ್ತಿಗೆ ಅವರೆಕಾಳಿನ ಉಪ್ಪಿಟ್ಟು ತಂದರು. ಮಾತು ಬೇರೆ ಕಡೆ ಹೋಯಿತು. ಬಸ್ಸಿನವರೆಗೆ ಬಂದು ಬೀಳ್ಕೊಟ್ಟರು. ಮುಂದಿನ ಮಳೆಗಾಲದಲ್ಲಿ ಅವರು ತೀರಿಹೋದರೆಂದು ವಾಚ್‌ಮನ್ ಹೇಳಿದ. ಎದೆನೋವಂತೆ. ತಿಥಿ ಮುಗಿದ ಮೇಲೆ ನನಗೆ ತಿಳಿದದ್ದು.

ಈಗ ಪ್ರವಾಸಿಗರಿಗೆ ನಾನು ಮದುವೆಮನೆಯ ಕಥೆ ಹೇಳುತ್ತೇನೆ. ಸೋದರಮಾವ, ಅಳಿಯ, ತಾತ. ತಾತನ ಕಂಬಳಿಗೆ ಎಲ್ಲರೂ ನಗುತ್ತಾರೆ. ಪರ್ಷಿಯಾದ ಯೋಧನನ್ನು ಬಿಟ್ಟುಬಿಟ್ಟಿದ್ದೇನೆ. ಮೇಜಿನ ಮೇಲೆ ಅವರ ಚೊಂಬೇ ಇದೆ. ಹೊಸದಾಗಿ ಸೇರಿದವರಿಗೆ ಹೂವು ಆಚೆ ಬಿಟ್ಟು ಬಾ ಎನ್ನುವಾಗ ನನ್ನ ದನಿ ಯಾರದೆಂದು ನನಗೇ ಕೇಳಿಸುತ್ತದೆ.

ಆ ಲವಂಗದ ಡಬ್ಬಿಗಳು ಕೆಲಸ ಮಾಡಿ ಅವರ ಮೂಗು ವಾಪಸು ಬಂದಿದ್ದರೆ, ನಾನು ಕೂತಿರುವ ಕುರ್ಚಿ ಅವತ್ತೂ ಅವರದೇ ಆಗಿತ್ತು. ಸಮೇತನಹಳ್ಳಿಗೆ ಹೋಗಿ ಕೆಲಸಕ್ಕೆ ವಾಪಸು ಕರೆಯಬೇಕಾದವಳು, ನಾನು ಉಪ್ಪಿಟ್ಟು ತಿಂದು ಬಂದೆ. ಮೂಗು ವಾಪಸು ಬಂದಿರದಿದ್ದರೆ, ಕಂಬಳಿ ಜಾಸ್ತಿ ಎಂಬ ಮಾತು ಅವರಿಗೆ ಸಿಕ್ಕಿದ್ದು ನನ್ನ ಮುಖದಲ್ಲಿ. ಬ್ಲೆಂಡಿನ ದಿನ ನನ್ನ ಕಣ್ಣೀರನ್ನು ಮೆಚ್ಚುಗೆಯೆಂದು ತಪ್ಪಾಗಿ ಓದಿ ಮೂರನೆಯದನ್ನು ಆರಿಸಿದವರು, ಈ ಸಲ ನನ್ನ ಅಳುಕನ್ನು ಸರಿಯಾಗಿ ಓದಿದರು. ಎರಡರಲ್ಲಿ ಯಾವುದು ಎಂದು ತಿಳಿಯಲು ನನಗೆ ಒಂದೇ ವಿಷಯ ನೆನಪಿರಬೇಕು: ಕಂಬಳಿ ಜಾಸ್ತಿ ಆಯ್ತು ಎನ್ನುವಾಗ ಅವರು ಲೋಟವನ್ನು ನೋಡುತ್ತಿದ್ದರೋ, ನನ್ನನ್ನು ನೋಡುತ್ತಿದ್ದರೋ.

ನನಗೆ ಗೊತ್ತಿಲ್ಲ. ನಾನು ನೆಲ ನೋಡುತ್ತಿದ್ದೆ.